ಕೊಳವೆ ಬಗ್ಗಿಸಿದ ಊರುಗಳು

ಜೆಕ್ ದೇಶದಲ್ಲಿ ಮನೆಗೊಂದು ಗೇಟು ಮಾಡಿಸಲು ಹೊರಟವರು, ಕಾರು ನಿಲ್ಲಿಸಲು ಚಪ್ಪರ ಎಬ್ಬಿಸಲು ಹೊರಟವರು ಕಬ್ಬಿಣದ ಅಂಗಡಿಗೆ ಹೋಗಿ ಕೇಳುವುದು ‘ಯೆಕ್ಲ್’. ಚೌಕಾಕಾರದ, ಒಳಗೆ ಪೊಳ್ಳಾದ, ತೆಳುಗೋಡೆಯ ಉಕ್ಕಿನ ಪೈಪಿಗೆ ಅಲ್ಲಿನ ಆಡುಮಾತಿನಲ್ಲಿರುವ ಹೆಸರು ಇದು. ಪೋಲೆಂಡ್ ಗಡಿಗೆ ಅಂಟಿಕೊಂಡಿರುವ ಕಾರ್ವಿನಾ ಎಂಬ ಊರಲ್ಲಿ ಅಂಥ ಪೈಪು ತಯಾರಿಸುತ್ತಿದ್ದ ಕಾರ್ಖಾನೆಯ ಹೆಸರೇ ಯೆಕ್ಲ್. ನಮ್ಮಲ್ಲಿ ಯಾರು ಮಾಡಿದ ಉಕ್ಕಿನ ಕಪಾಟಾದರೂ ಅದು ‘ಗೋದ್ರೇಜ್ ಬೀರು’ ಆದ ಹಾಗೆ, ಅಲ್ಲಿ ಯಾರು ಮಾಡಿದ ಚೌಕಪೈಪಾದರೂ ಅದು ಯೆಕ್ಲ್. ಕಾರ್ಖಾನೆ ಬೇರೆಯವರ ಕೈಗೆ ಹೋಯಿತು, ಫಲಕ ಬದಲಾಯಿತು, ಹೆಸರು ಮಾತ್ರ ಅಂಗಡಿಯ ಕಟ್ಟೆಯ ಮೇಲೆ ಉಳಿದುಕೊಂಡಿತು.

ಅದೇ ಊರಲ್ಲಿ ಇನ್ನೊಂದು ಕಾರ್ಖಾನೆಯಿತ್ತು. ಮ್ಯೂಕೆ-ಮೆಲ್ಡರ್ ಅದರ ಹೆಸರು. ದುಂಡುಪೈಪು ಬಗ್ಗಿಸಿ ಕುರ್ಚಿ, ಮಂಚ, ಮೇಜು ಮಾಡುತ್ತಿತ್ತು. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಅದರ ಕ್ರೋಮ್ ಲೇಪದ ಕುರ್ಚಿಗಳು ಕಚೇರಿ, ಕಾಫಿಮನೆ, ಹೊಸ ಕಾಲದ ಮನೆಗಳನ್ನೆಲ್ಲ ಹೊಕ್ಕವು. ಇಂದು ಯುರೋಪಿನ ಹರಾಜುಮನೆಗಳಲ್ಲಿ ಅವಕ್ಕೆ ಒಳ್ಳೆಯ ಬೆಲೆಯಿದೆ. ಆದರೂ ಆ ಹೆಸರು ಯಾವ ಅಂಗಡಿಯ ಮಾತಿನಲ್ಲೂ ನಿಲ್ಲಲಿಲ್ಲ. ಉಕ್ಕಿನ ಕುರ್ಚಿಯ ಚರಿತ್ರೆ ಬರೆಯುವವರು ಮಾರ್ಸೆಲ್ ಬ್ರಾಯರ್, ಮಾರ್ಟ್ ಸ್ಟಾಮ್, ಮೀಸ್ ವಾನ್ ಡೆರ್ ರೋ ಎಂಬ ಮೂವರನ್ನು ಹೊಗಳಿ ಪುಸ್ತಕ ಮುಚ್ಚುತ್ತಾರೆ. ಈ ಮೂವರು ಚಿತ್ರ ಬರೆದರು, ಮೊದಲ ಮಾದರಿಗಳನ್ನು ಮಾಡಿಸಿದರು. ಅದು ದೊಡ್ಡ ಕೆಲಸವೇ. ಆದರೆ ಸಾವಿರಾರು ಜನ ನಿಜಕ್ಕೂ ಕೂತ ಕುರ್ಚಿಗಳು ಜೆಕ್ ನಾಡಿನ ಮೊರಾವಿಯಾ, ಬೊಹೆಮಿಯಾ, ಸೈಲೀಷಿಯಾದ ಸಣ್ಣ ಊರುಗಳಲ್ಲಿ ತಯಾರಾದವು. ಆ ಊರುಗಳಿಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ಬ್ರಾಯರ್ ಕಥೆ ಚಿಕ್ಕದು, ಬಹಳ ಸಲ ಹೇಳಿದ್ದು. ಹಂಗೇರಿಯಲ್ಲಿ ಹುಟ್ಟಿದ ಈ ತರುಣ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿದ್ದಾಗ ಹೊಸ ಸೈಕಲ್ ಕೊಂಡ. ಅದರ ಹಿಡಿಕೆಯ ಬಾಗನ್ನು ನೋಡಿ, ಕುರ್ಚಿಯನ್ನೂ ಹೀಗೇಕೆ ಮಾಡಬಾರದು ಎಂದುಕೊಂಡ. 1925ರಲ್ಲಿ ಅವನ ಮೊದಲ ಉಕ್ಕಿನ ಪೈಪಿನ ಆರಾಮಕುರ್ಚಿ ಬಂತು. ಆಗ ಅವನಿಗೆ 23 ವರ್ಷ. ಮರುವರ್ಷ ಹಾಲೆಂಡಿನ ಮಾರ್ಟ್ ಸ್ಟಾಮ್ ಗ್ಯಾಸ್ ಪೈಪಿನ ತುಂಡುಗಳನ್ನು ಜೋಡಿಸಿ ಹಿಂಗಾಲೇ ಇಲ್ಲದ ಕುರ್ಚಿಯೊಂದನ್ನು ನಿಲ್ಲಿಸಿದ. 1927ರಲ್ಲಿ ಸ್ಟುಟ್‌ಗಾರ್ಟ್ ಪ್ರದರ್ಶನದಲ್ಲಿ ಜನ ಅದನ್ನು ಕಂಡರು. ಮೀಸ್ ಅದೇ ಕಲ್ಪನೆಯನ್ನು ದುಂಡಗೆ ಬಾಗಿಸಿ, ಕೂತರೆ ಹಿತವಾಗಿ ತೂಗುವಂತೆ ಮಾಡಿದ.

ಕೊಳವೆ ಎಲ್ಲಿಂದ ಬಂತು ಎಂದು ಕೇಳಿದರೆ ಕಥೆ ಜೆಕ್ ನೆಲಕ್ಕೆ ಬರುತ್ತದೆ. ಬೆಸುಗೆಯ ಗೀರಿಲ್ಲದ ಉಕ್ಕಿನ ಕೊಳವೆ ಮಾಡುವ ವಿದ್ಯೆಯನ್ನು 1880ರ ದಶಕದಲ್ಲಿ ಕಂಡುಕೊಂಡವರು ಜರ್ಮನಿಯ ಮಾನೆಸ್‌ಮಾನ್ ಸೋದರರು. ಕೆಂಪಗೆ ಕಾದ ಉಕ್ಕಿನ ಗಟ್ಟಿ ದಿಂಡನ್ನು ಒಂದಕ್ಕೊಂದು ಓರೆಯಾಗಿ ನಿಲ್ಲಿಸಿದ ಎರಡು ಉರುಳೆಗಳ ನಡುವೆ ಬಿಡುತ್ತಾರೆ. ಎರಡೂ ಉರುಳೆಗಳು ಒಂದೇ ದಿಕ್ಕಿಗೆ ತಿರುಗುತ್ತವೆ; ನಡುವೆ ಸಿಕ್ಕ ದಿಂಡು, ಅಂಗೈಗಳ ಮಧ್ಯೆ ಹಿಟ್ಟಿನ ಉಂಡೆಯನ್ನು ಹೊಸೆದ ಹಾಗೆ, ತಾನೂ ಗಿರಗಿರನೆ ತಿರುಗುತ್ತ ಮುಂದೆ ಸರಿಯುತ್ತದೆ. ಹೀಗೆ ಹಿಂಡಿಸಿಕೊಂಡ ಉಕ್ಕು ಹೊರಗೆ ಗಟ್ಟಿಯಾಗಿಯೇ ಇದ್ದು ನಡುಮಧ್ಯದಲ್ಲಿ ಸಡಿಲಗೊಂಡು ಬಿರಿಯುತ್ತದೆ. ಬಿರಿಯುವ ಜಾಗಕ್ಕೆ ಎದುರಿನಿಂದ ಒಂದು ಚೂಪುಗೂಟ ಕಾದು ನಿಂತಿರುತ್ತದೆ. ದಿಂಡು ಅದರ ಮೇಲೆ ತಾನಾಗಿ ಏರಿಕೊಂಡು, ಆಚೆ ಬರುವ ಹೊತ್ತಿಗೆ ಕೊಳವೆಯಾಗಿರುತ್ತದೆ. ಈ ವಿದ್ಯೆಯ ಆರಂಭದ ಕಾರ್ಖಾನೆಗಳಲ್ಲಿ ಒಂದು ಉತ್ತರ ಬೊಹೆಮಿಯಾದ ಖೊಮುಟೊವ್ ಊರಿನದು. ಬ್ರಾಯರ್ ಹುಟ್ಟುವ ಮೊದಲೇ ಆ ನಾಡಿನ ಕುಲುಮೆಗಳು ಉಕ್ಕಿನ ಕೊಳವೆ ಉಗುಳುತ್ತಿದ್ದವು.

ಬಗ್ಗಿಸುವ ವಿದ್ಯೆ ಅದಕ್ಕಿಂತ ಹಳೆಯದು. ಮೊರಾವಿಯಾದ ಕೊರಿಚಾನಿಯಲ್ಲಿ 1850ರ ದಶಕದಲ್ಲಿ, ಬಿಸ್ಟ್ರ್‌ಜಿತ್ಸೆ ಪೊಡ್ ಹೊಸ್ತೀನೆಮ್‌ನಲ್ಲಿ 1861ರಲ್ಲಿ ಥೋನೆಟ್ ಮನೆತನ ಕಾರ್ಖಾನೆ ತೆರೆಯಿತು. ಸುತ್ತ ಬೀಚ್ ಮರದ ಕಾಡು. ಮರದ ಕೋಲನ್ನು ಹಬೆಯಲ್ಲಿ ಬೇಯಿಸಿ, ಕಬ್ಬಿಣದ ಅಚ್ಚಿಗೆ ಬಗ್ಗಿಸಿ, ಒಣಗಿಸಿ ಕುರ್ಚಿ ಮಾಡುವುದು ಅವರ ಕಸುಬು. 1859ರಲ್ಲಿ ಬಂದ ಅವರ 14ನೇ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಆರೇ ತುಂಡು. ಬಿಚ್ಚಿಟ್ಟರೆ ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. ಹಡಗಿನಲ್ಲಿ ಹೋಗಿ ಮುಟ್ಟಿದ ಊರಲ್ಲಿ ತಿರುಪು ಹಾಕಿ ಜೋಡಿಸಿದರಾಯಿತು. ಆ ಕಣಿವೆಗಳ ಕೈಗಳಿಗೆ ಬಾಗು ಎಂದರೆ ಏನು, ಎಷ್ಟು ಬಗ್ಗಿಸಿದರೆ ಮುರಿಯುತ್ತದೆ, ಯಾವಾಗ ನಿಲ್ಲಿಸಬೇಕು ಎಂಬುದೆಲ್ಲ ಮೂರು ತಲೆಮಾರಿನ ಪಾಠ. ಅದೇ ಬಿಸ್ಟ್ರ್‌ಜಿತ್ಸೆಯಲ್ಲಿ ರಾಬರ್ಟ್ ಸ್ಲೆಜಾಕ್ ಅವರ ಕಾರ್ಖಾನೆ 1930ರ ದಶಕದಲ್ಲಿ ಉಕ್ಕಿನ ಕೊಳವೆಯ ಪೀಠೋಪಕರಣ ಮಾಡುತ್ತಿತ್ತು. ಮರ ಬಗ್ಗಿಸಿ ಜಗತ್ತಿಗೆ ಕುರ್ಚಿ ಕೊಟ್ಟ ಊರೇ ಉಕ್ಕನ್ನೂ ಬಗ್ಗಿಸಲು ಕೂತದ್ದು ಬರೀ ಕಾಕತಾಳೀಯ ಎನ್ನಲಾಗದು.

ಉಕ್ಕಿಗೆ ಅದರದೇ ಹಟವಿದೆ. ಖಾಲಿ ಕೊಳವೆಯನ್ನು ಮಂಡಿಗೆ ಕೊಟ್ಟು ಬಗ್ಗಿಸಿ ನೋಡಿದವರಿಗೆ ಗೊತ್ತು: ಅದು ಬಾಗುವುದಿಲ್ಲ, ನಡುವಿನಲ್ಲಿ ಜಜ್ಜಿಹೋಗುತ್ತದೆ. ಹಿಂದಿನ ಕಮ್ಮಾರರ ಉಪಾಯ ಮರಳು. ಚೆನ್ನಾಗಿ ಒಣಗಿಸಿದ ನುಣ್ಣನೆಯ ಮರಳನ್ನು ಕೊಳವೆಗೆ ಸುರಿದು, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಕೂರಿಸಿ, ಎರಡೂ ಬಾಯಿಗೆ ಬೆಣೆ ಬಡಿಯುತ್ತಾರೆ. ಮರಳಲ್ಲಿ ಪಸೆ ಉಳಿದಿದ್ದರೆ ಕಾಯಿಸುವಾಗ ಹಬೆ ಎದ್ದು ಬೆಣೆ ಗುಂಡಿನಂತೆ ಹಾರುತ್ತದೆ. ಅದಕ್ಕೇ ಒಣಗಿಸುವುದರಲ್ಲಿ ಅಷ್ಟು ಜಾಗ್ರತೆ. ಮರಳು ತುಂಬಿದ ಕೊಳವೆ ಒಳಗಿನಿಂದ ಆಸರೆ ಪಡೆದು ದುಂಡುತನ ಬಿಡದೆ ಬಾಗುತ್ತದೆ. ಕಾರ್ಖಾನೆಗಳು ಮುಂದೆ ಮರಳಿನ ಬದಲು ಒಳಗೆ ಉಕ್ಕಿನ ದಿಂಡು ತೂರಿಸಿ, ತಣ್ಣಗಿರುವಾಗಲೇ ಯಂತ್ರದಿಂದ ಬಗ್ಗಿಸತೊಡಗಿದವು. ಆಮೇಲೆ ಉಜ್ಜುವ ಕೆಲಸ. ನುಣುಪಾದ ಮೇಲೆ ನಿಕಲ್ ತೊಟ್ಟಿ, ನಿಕಲ್ ಮೇಲೆ ಕ್ರೋಮ್ ತೊಟ್ಟಿ. ಕ್ರೋಮಿನ ಆ ಪದರ ಎಷ್ಟು ತೆಳುವೆಂದರೆ ತಲೆಗೂದಲಿನ ನೂರನೇ ಒಂದು ಪಾಲೂ ಇರುವುದಿಲ್ಲ. ತುಕ್ಕು ತಡೆಯುವುದು ಮುಖ್ಯವಾಗಿ ಕೆಳಗಿನ ನಿಕಲ್. ಮೇಲಿನ ಕ್ರೋಮ್ ಮಾಸದ ಹೊಳಪು ಕೊಡುತ್ತದೆ. ಕ್ರೋಮ್ ಲೇಪ ಕಾರ್ಖಾನೆಯ ಮಟ್ಟದಲ್ಲಿ ಸಾಧ್ಯವಾದದ್ದು 1920ರ ದಶಕದ ನಡುವಿನಿಂದ ಈಚೆಗೆ. ಕೊಳವೆ ಕುರ್ಚಿ ಹುಟ್ಟಿದ್ದೂ ಆಗಲೇ.

ಜೆಕೊಸ್ಲೊವಾಕಿಯಾ ಆಗ ಹೊಸ ದೇಶ. 1918ರಲ್ಲಿ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ ಒಡೆದಾಗ ಅದರ ಕೈಗಾರಿಕೆಯ ಬಹುಪಾಲು ಈ ಸಣ್ಣ ಗಣರಾಜ್ಯದ ಪಾಲಿಗೆ ಬಂತು. ಹೊಸ ದೇಶಕ್ಕೆ ಹೊಸ ಶಾಲೆ, ಹೊಸ ಬ್ಯಾಂಕು, ಹೊಸ ಆರೋಗ್ಯಧಾಮ ಬೇಕಿತ್ತು; ಅರಮನೆಯ ಕೆತ್ತನೆಯ ಪೀಠ ಯಾರಿಗೂ ಬೇಡವಾಗಿತ್ತು. ಪ್ರಾಗ್ ಹೊರವಲಯದ ಬಾಬಾ ಎಂಬ ಗುಡ್ಡದ ಮೇಲೆ 1932ರಲ್ಲಿ ಬಿಳಿಗೋಡೆಯ ಆಧುನಿಕ ಮನೆಗಳ ಬಡಾವಣೆಯೊಂದು ಎದ್ದಿತು. ಅಲ್ಲಿ ಮನೆ ಕಟ್ಟಿದ ವಾಸ್ತುಶಿಲ್ಪಿ ಲಾದಿಸ್ಲಾವ್ ಝಾಕ್ ಕೊಳವೆ ಕುರ್ಚಿಗಳನ್ನೂ ವಿನ್ಯಾಸ ಮಾಡಿದವರು. ಬ್ರನೊದ ಯು.ಪಿ. ಕಾರ್ಖಾನೆಯಲ್ಲಿ ಯಿಂದ್ರ್‌ಝಿಖ್ ಹಲಬಾಲಾ ಸಾಮಾನ್ಯ ಸಂಸಾರಗಳ ಅಳತೆಗೆ ಪೀಠೋಪಕರಣ ರೂಪಿಸುತ್ತಿದ್ದರು. ಬ್ರಾಂದೀಸ್ ನಾದ್ ಓರ್ಲಿತ್ಸಿಯಲ್ಲಿ ಹಿನೆಕ್ ಗೊಟ್‌ವಾಲ್ಡ್, ಲಿಸಾ ನಾದ್ ಲಾಬೆಮ್‌ನಲ್ಲಿ ವಿಖ್ರ್, ಇಂದು ಕಾರ್ವಿನಾದೊಳಗೆ ಸೇರಿರುವ ಫ್ರಿಶ್ಟಾಟ್‌ನಲ್ಲಿ ಮ್ಯೂಕೆ-ಮೆಲ್ಡರ್. ಇಷ್ಟು ಚಿಕ್ಕ ದೇಶದಲ್ಲಿ ಇಷ್ಟೊಂದು ಕೊಳವೆ ಕುರ್ಚಿಯ ಕಾರ್ಖಾನೆ!

ಇವರು ಮಾಡಿದ್ದು ನಕಲಲ್ಲವೇ ಎಂಬ ಪ್ರಶ್ನೆ ಆಗಲೂ ಇತ್ತು. ಹಿಂಗಾಲಿಲ್ಲದ ಕುರ್ಚಿಯ ಹಕ್ಕು ಯಾರದೆಂದು ಜರ್ಮನಿಯಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು, 1932ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಕಲಾಕೃತಿಯಾಗಿ ಅದು ಮಾರ್ಟ್ ಸ್ಟಾಮ್‌ಗೆ ಸೇರಿದ್ದೆಂದು ತೀರ್ಪು ಕೊಟ್ಟಿತು. ಜೆಕ್ ಕ್ಯಾಟಲಾಗುಗಳಲ್ಲಿ ಬ್ರಾಯರ್, ಸ್ಟಾಮ್ ಛಾಯೆಯ ಕುರ್ಚಿಗಳು ಧಾರಾಳವಾಗಿವೆ, ನಿಜ. ಅವುಗಳ ಪಕ್ಕದಲ್ಲೇ ಜೆಕ್ ಕಾರ್ಖಾನೆಗಳ ಕೈಯಲ್ಲೇ ಹುಟ್ಟಿದವೂ ಇವೆ: ತೋಳಿನ ಮೇಲೆ ಕೈಗೆ ತಣ್ಣಗೆ ತಾಗದಂತೆ ಮರದ ಪಟ್ಟಿ ಕೂರಿಸಿದ್ದು, ದಪ್ಪ ಸ್ಪ್ರಿಂಗಿನ ಮೆತ್ತೆ ಇಟ್ಟದ್ದು, ಜರ್ಮನ್ ಮೂಲದ ಬಿಗುವನ್ನು ಸಡಿಲಿಸಿ ದೊಡ್ಡ ಬಾಗು ಕೊಟ್ಟದ್ದು. ಪ್ರದರ್ಶನದಲ್ಲಿ ನಿಂತು ನೋಡುವ ಕುರ್ಚಿಗೂ ಊಟವಾದ ಮೇಲೆ ಒರಗುವ ಕುರ್ಚಿಗೂ ಇರುವ ಅಂತರ ಈ ಕಾರ್ಖಾನೆಯವರಿಗೆ ಚೆನ್ನಾಗಿ ಗೊತ್ತಿತ್ತು.

ಮ್ಯೂಕೆ-ಮೆಲ್ಡರ್ ಇದ್ದ ಫ್ರಿಶ್ಟಾಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅಂಥ ಊರು ಅಪರೂಪ. ಕಲ್ಲಿದ್ದಲ ನಾಡು ಅದು. ಪಕ್ಕದಲ್ಲೇ ಟ್ರ್ಜಿನೆಟ್ಸ್, ತುಸು ಆಚೆ ಓಸ್ಟ್ರಾವಾದ ವೀಟ್ಕೊವಿತ್ಸೆ, ಎರಡೂ ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲೇ ಉಕ್ಕು-ಕಬ್ಬಿಣದ ಕುಲುಮೆ ಹೊತ್ತಿಸಿದ ಊರುಗಳು. ಬೆಂಕಿಗೆ ಕಲ್ಲಿದ್ದಲು, ಬಗ್ಗಿಸಲು ಉಕ್ಕು, ಸಾಗಿಸಲು ರೈಲು ಎಲ್ಲ ಕೈಯಳತೆಯಲ್ಲಿ. ಬೀದಿಯಲ್ಲಿ ಪೋಲಿಷ್, ಜೆಕ್, ಜರ್ಮನ್ ಮೂರೂ ಮಾತು.

ಆ ಸಿರಿಯೇ ಸಂಕಟವನ್ನೂ ತಂದಿತು. ಸಾಮ್ರಾಜ್ಯ ಬಿದ್ದಾಗ ಈ ಕಲ್ಲಿದ್ದಲ ನೆಲಕ್ಕಾಗಿ ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ಕಾದಾಡಿದವು. 1920ರ ಜುಲೈನಲ್ಲಿ ಓಲ್ಶೆ ನದಿಯ ಗುಂಟ ಗೆರೆ ಎಳೆಯಲಾಯಿತು. ಟೆಶೀನ್ ಪಟ್ಟಣ ಎರಡು ಹೋಳಾಗಿ ಹಳೆಯ ಪೇಟೆ ಪೋಲೆಂಡಿಗೂ ರೈಲು ನಿಲ್ದಾಣ ಜೆಕ್ಕರಿಗೂ ಹೋಯಿತು. ಫ್ರಿಶ್ಟಾಟ್ ಜೆಕ್ ಕಡೆ ಉಳಿಯಿತು. 1938ರ ಅಕ್ಟೋಬರಿನಲ್ಲಿ, ಮ್ಯೂನಿಕ್ ಒಪ್ಪಂದದ ಬೆನ್ನಿಗೆ, ಪೋಲೆಂಡ್ ಸೇನೆ ಬಂದು ಅದನ್ನು ವಶಪಡಿಸಿಕೊಂಡಿತು. ವರ್ಷ ತುಂಬುವ ಮೊದಲೇ, 1939ರ ಸೆಪ್ಟೆಂಬರಿನಲ್ಲಿ, ಜರ್ಮನ್ ಸೇನೆ ಬಂತು. 1945ರಲ್ಲಿ ಮತ್ತೆ ಜೆಕೊಸ್ಲೊವಾಕಿಯಾ. 1917ರಲ್ಲಿ ಇಲ್ಲಿ ಕೆಲಸ ಕಲಿಯಲು ಸೇರಿದ ಹುಡುಗನೊಬ್ಬ ಮನೆ ಬದಲಿಸದೆ, ಬೀದಿ ಬದಲಿಸದೆ, ನಾಲ್ಕು ದೇಶಗಳ ಪ್ರಜೆಯಾಗಬಹುದಿತ್ತು. ಕೊನೆಗೆ ಊರ ಹೆಸರೂ ಹೋಯಿತು: 1948ರಲ್ಲಿ ಫ್ರಿಶ್ಟಾಟ್ ನೆರೆಯ ಕಾರ್ವಿನಾದೊಳಗೆ ಸೇರಿತು. ಹಳೆಯ ಕಾರ್ವಿನಾವಂತೂ ತನ್ನ ಕೆಳಗಿನ ಗಣಿಗಳೊಳಕ್ಕೇ ಕುಸಿದಿದೆ. ಅಲ್ಲಿ ಉಳಿದಿರುವ ಅಲ್ಕಾಂತರಾದ ಸಂತ ಪೀಟರನ ಚರ್ಚು ನೆಲದ ಜೊತೆ ಸುಮಾರು 37 ಮೀಟರ್ ಕೆಳಗಿಳಿದು, ಆರು ಡಿಗ್ರಿಗೂ ಹೆಚ್ಚು ವಾಲಿಕೊಂಡು, ಇವತ್ತಿಗೂ ನಿಂತಿದೆ.

ಯುದ್ಧ ಮುಗಿದದ್ದೇ ಕಾರ್ಖಾನೆಗಳ ಕಥೆ ಇನ್ನೊಂದು ದಾರಿ ಹಿಡಿಯಿತು. 1945ರ ಅಕ್ಟೋಬರ್ 24ರಂದು ಅಧ್ಯಕ್ಷ ಬೆನೆಶ್ ಸಹಿ ಹಾಕಿದ ಆಜ್ಞೆಗಳಿಂದ ಗಣಿ, ಬ್ಯಾಂಕು, ವಿಮೆ, ದೊಡ್ಡ ಕೈಗಾರಿಕೆಗಳು ಸರ್ಕಾರಕ್ಕೆ ಸೇರಿದವು. 1948ರ ಫೆಬ್ರುವರಿಯಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದ ಮೇಲೆ 50ಕ್ಕಿಂತ ಹೆಚ್ಚು ಆಳಿದ್ದ ಉದ್ದಿಮೆಗಳಿಗೂ ಅದೇ ಗತಿ. ಮನೆತನದ ಹೆಸರು ಹೊತ್ತ ಫಲಕಗಳು ಇಳಿದವು. ಮ್ಯೂಕೆ-ಮೆಲ್ಡರ್ ಜಾಗದಲ್ಲಿ ಬಂದ ರಾಷ್ಟ್ರೀಯ ಉದ್ದಿಮೆಯ ಹೆಸರು ಕೊವೊನಾ. ಜೆಕ್ ಭಾಷೆಯಲ್ಲಿ ‘ಕೊವ್’ ಎಂದರೆ ಲೋಹ. ಅದರಿಂದ ಕಟ್ಟಿದ ಪದ ಇದು. ಯಾರ ಅಜ್ಜನ ಹೆಸರೂ ಅದರಲ್ಲಿಲ್ಲ. ಲಿಸಾ ನಾದ್ ಲಾಬೆಮ್‌ನ ಕಾರ್ಖಾನೆಗೂ ಅದೇ ಹೆಸರು ಬಂತು.

ಹೆಸರು ಅಳಿಸಿಹೋದ ನೋವು ದೊಡ್ಡದು. ಆದರೆ ಕೊವೊನಾ ಕಾಲವನ್ನು ಬರೀ ನಷ್ಟದ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಹಳೆಯ ಬಾಗುಗಳು ಹೊಸ ಫಲಕದ ಕೆಳಗೂ ಮುಂದುವರಿದವು. ಬದಲಾದದ್ದು ಕೂರುವವರು. ಬ್ಯಾಂಕಿನ ದಿವಾನಖಾನೆಗೆ ಹುಟ್ಟಿದ್ದ ಕೊಳವೆ ಈಗ ಶಾಲೆಯ ಬೆಂಚಾಯಿತು, ಹಾಸ್ಟೆಲಿನ ಮಂಚವಾಯಿತು, ಗಿರಣಿ ಕ್ಯಾಂಟೀನಿನ ಸ್ಟೂಲಾಯಿತು. ಕ್ರೋಮ್ ದುಬಾರಿಯಾದಲ್ಲಿ ಬೂದು, ಹಸಿರು ಬಣ್ಣ ಬಳಿದರು. ಹೊಳಪು ಹೋಯಿತು, ಗಟ್ಟಿತನ ಉಳಿಯಿತು. ಒಂದು ಇಡೀ ತಲೆಮಾರಿನ ಜೆಕ್ ಮಕ್ಕಳು ಅಕ್ಷರ ತಿದ್ದಿದ್ದು ಈ ಪೈಪಿನ ಕಾಲುಗಳ ಮೇಜಿನ ಮೇಲೆ.

ಆಸ್ಪತ್ರೆಯ ಮಂಚವನ್ನಂತೂ ಮರೆಯುವ ಹಾಗೇ ಇಲ್ಲ. ಮರದ ಮಂಚದ ಸಂದಿನಲ್ಲಿ ತಿಗಣೆ ಕೂತರೆ ಏನಾಗುತ್ತದೆಂದು ನಮ್ಮಲ್ಲಿ ಬಿಸಿಲಿಗೆ ಮಂಚ ಎತ್ತಿಟ್ಟು ಸೀಮೆಎಣ್ಣೆ ಹನಿಸಿದ ಹಿರಿಯರಿಗೆಲ್ಲ ಗೊತ್ತು. ಕ್ಷಯದ ರೋಗಿಗಳು ವಾರ್ಡು ತುಂಬಿದ್ದ ಕಾಲದಲ್ಲಿ ಯುರೋಪಿನ ವೈದ್ಯರಿಗೆ ಬೇಕಿದ್ದದ್ದು ಸಂದಿಲ್ಲದ, ನೀರು ಹೀರದ, ಔಷಧದ ನೀರಿನಲ್ಲಿ ತೊಳೆಯಬಹುದಾದ ಮಂಚ. ಲೋಹದ ಕೊಳವೆ ಅದಕ್ಕೆ ಹೇಳಿ ಮಾಡಿಸಿದ್ದು. ಕೆಳಗೆ ಗಾಳಿಯಾಡುತ್ತದೆ, ನೆಲ ಒರೆಸಲು ಬರುತ್ತದೆ, ಒಬ್ಬಳೇ ದಾದಿ ಎಳೆದು ಸರಿಸಬಹುದು.

ಬ್ರನೊ ನಗರದ ಒಂದೇ ಮನೆಯಲ್ಲಿ ಸಿರಿವಂತರ ದಿವಾನಖಾನೆ, ಚಿಕಿತ್ಸೆಯ ಕೋಣೆ ಎಂಬ ಈ ಎರಡೂ ಜಗತ್ತು ಕಂಡವು. ಬಟ್ಟೆ ಗಿರಣಿಯ ಮನೆತನದ ಫ್ರಿಟ್ಜ್ ಮತ್ತು ಗ್ರೆಟೆ ಟುಗೆಂಟ್‌ಹಾಟ್ ದಂಪತಿಗೆ ಮೀಸ್ ವಾನ್ ಡೆರ್ ರೋ 1930ರಲ್ಲಿ ಕಟ್ಟಿ ಮುಗಿಸಿದ ಮನೆ ಅದು. ಗೋಡೆಯ ಬದಲು ಕ್ರೋಮ್ ಹೊದಿಕೆಯ ಉಕ್ಕಿನ ಕಂಬಗಳು ಚಾವಣಿ ಹೊತ್ತಿವೆ. ಮೀಸ್ ಮತ್ತು ಲಿಲಿ ರೈಖ್ ಆ ಮನೆಗೆಂದೇ ರೂಪಿಸಿದ ಉಕ್ಕಿನ ಕುರ್ಚಿಗೆ ಊರ ಹೆಸರೇ ಬಂದು ಜಗತ್ತಿನಾದ್ಯಂತ ‘ಬ್ರನೊ ಕುರ್ಚಿ’ ಆಯಿತು. ಯಹೂದಿ ಸಂಸಾರ 1938ರಲ್ಲಿ ದೇಶ ಬಿಟ್ಟಿತು. ಮರುವರ್ಷ ಮನೆ ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊ ವಶ. ಊಟದ ಜಾಗವನ್ನು ಬಳಸಿ ನಿಂತಿದ್ದ ಕರಿಮರದ ಅರ್ಧವೃತ್ತದ ಗೋಡೆ ಮಾಯವಾಯಿತು. ಅದರ ಹಲಗೆಗಳು ದಶಕಗಳ ನಂತರ, 2011ರಲ್ಲಿ, ಅದೇ ಊರಿನ ವಿಶ್ವವಿದ್ಯಾಲಯದ ಕ್ಯಾಂಟೀನಿನ ಗೋಡೆಯ ಮೇಲೆ ಸಿಕ್ಕವು. ಆ ಕಟ್ಟಡ ಯುದ್ಧಕಾಲದಲ್ಲಿ ಗೆಸ್ಟಾಪೊ ಕಚೇರಿಯಾಗಿತ್ತು. ಯುದ್ಧದ ನಂತರ ಮನೆಯಲ್ಲಿ ಕೆಲಕಾಲ ನೃತ್ಯಶಾಲೆ ನಡೆಯಿತು. 1950ರಿಂದ ಅದು ಮಕ್ಕಳ ಚಿಕಿತ್ಸಾ ಕೇಂದ್ರ. ಬೆನ್ನುಮೂಳೆ ಬಾಗಿದ ಮಕ್ಕಳು ಆ ಹೊಳೆಯುವ ಕಂಬಗಳ ನಡುವೆ ವರ್ಷಾನುಗಟ್ಟಲೆ ವ್ಯಾಯಾಮ ಮಾಡಿದರು. 1992ರ ಆಗಸ್ಟಿನಲ್ಲಿ ಜೆಕ್ ನಾಯಕ ವಾತ್ಸ್ಲಾವ್ ಕ್ಲಾವುಸ್ ಮತ್ತು ಸ್ಲೊವಾಕ್ ನಾಯಕ ವ್ಲಾದಿಮೀರ್ ಮೆಚಿಯಾರ್ ಜೆಕೊಸ್ಲೊವಾಕಿಯಾವನ್ನು ಎರಡು ದೇಶ ಮಾಡುವ ಮಾತುಕತೆಗೆ ಕೂತದ್ದೂ ಅದೇ ಮನೆಯ ತೋಟದಲ್ಲಿ. 2001ರಲ್ಲಿ ಅದು ಯುನೆಸ್ಕೋ ಪಟ್ಟಿ ಸೇರಿತು.

ಕಮ್ಯುನಿಸ್ಟ್ ಆಡಳಿತವನ್ನು ಕೊನೆಗೊಳಿಸಿದ 1989ರ ನವೆಂಬರಿನ ಕ್ರಾಂತಿಯ ನಂತರ ರಾಷ್ಟ್ರೀಯ ಉದ್ದಿಮೆಗಳು ಒಡೆದವು, ಹಂಚಿಹೋದವು, ಕೆಲವು ಮುಚ್ಚಿದವು. ಯೆಕ್ಲ್ ಕಾರ್ಖಾನೆ ಮುಂದೆ ಆರ್ಸೆಲರ್ ಮಿತ್ತಲ್ ಕೈಸೇರಿತು. ಬಿಸ್ಟ್ರ್‌ಜಿತ್ಸೆಯ ಮರದ ಕಾರ್ಖಾನೆ ‘ಟೋನ್’ ಎಂಬ ಹೆಸರಲ್ಲಿ ಇಂದಿಗೂ ಬೀಚ್ ಮರ ಬಗ್ಗಿಸುತ್ತಿದೆ. ಆಸ್ಪತ್ರೆ ಮಂಚದ ಕಸುಬಿಗೆ ಹೊಸಬರು ಬಂದರು. ಝ್ಬಿನ್ಯೆಕ್ ಫ್ರೋಲಿಕ್ ಎಂಬ ಎಂಜಿನಿಯರ್ 1990ರಲ್ಲಿ ಪ್ರಾಗ್ ಬಳಿಯ ಸ್ಲಾನಿ ಊರಿನ ಪಕ್ಕದ ಝೆಲೆವ್‌ಚಿತ್ಸೆಯಲ್ಲಿ ಲೀನೆಟ್ ಸಂಸ್ಥೆ ಶುರುಮಾಡಿದರು. ಅವರ ತೀವ್ರನಿಗಾ ಘಟಕದ ಮಂಚ ರೋಗಿಯನ್ನು ಮಲಗಿದ್ದಂತೆಯೇ ಎಡಕ್ಕೂ ಬಲಕ್ಕೂ ವಾಲಿಸುತ್ತದೆ. ಹಾಸಿಗೆಹುಣ್ಣು ಆಗದಂತೆ, ಪುಪ್ಪುಸದಲ್ಲಿ ಕಫ ಕಟ್ಟದಂತೆ. ಭಾರವಾದ ರೋಗಿಯನ್ನು ಮಗ್ಗುಲಾಗಿಸಿ ಸೊಂಟ ಹಿಡಿಸಿಕೊಂಡ ದಾದಿಯರಿಗೆ ಅದರ ಬೆಲೆ ಗೊತ್ತು. ಇಂದು ಆ ಮಂಚಗಳು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತವೆ.

ಕೊವೊನಾ ಹೆಸರೂ ಪೂರ್ತಿ ಅಳಿದಿಲ್ಲ. ಅದೇ ಗಡಿನದಿ ಓಲ್ಶೆಯ ದಂಡೆಯ ಚೆಸ್ಕಿ ಟೆಶೀನ್‌ನಲ್ಲಿ, ಸೇತುವೆ ದಾಟಿದರೆ ಪೋಲೆಂಡ್ ಎನ್ನುವಂಥ ಊರಲ್ಲಿ, ಕೊವೊನಾ ಸಿಸ್ಟಮ್ ಎಂಬ ಕಂಪನಿ ಲೋಹದ ಕಪಾಟು ಮತ್ತು ಲಾಕರು ತಯಾರಿಸುತ್ತದೆ. ಕೊಳವೆಯ ಜಾಗಕ್ಕೆ ತಗಡು ಬಂದಿದೆ. ಹಾಳೆಯಂಥ ಉಕ್ಕನ್ನು ಕತ್ತರಿಸಿ, ಅಂಚು ಮಡಚಿ, ಬೆಸೆದು, ಪುಡಿಬಣ್ಣ ಸಿಂಪಡಿಸಿ ಒಲೆಯಲ್ಲಿ ಬೇಯಿಸುವುದು ಈ ಕಸುಬಿನ ಈಗಿನ ಕ್ರಮ. ಮೇಲೆ ಗಾಳಿಗೆ ನಾಲ್ಕು ಸೀಳು, ಒಳಗೆ ಅಂಗಿ ನೇತುಹಾಕಲು ಒಂದು ಕೊಕ್ಕೆ, ಕೆಳಗೆ ಬೂಟು ಇಡಲು ಒಂದು ಹಲಗೆ. ಪಾಳಿ ಬದಲಾಗುವ ಹೊತ್ತಿಗೆ ಗಿರಣಿಗಳ ಬಟ್ಟೆಕೋಣೆಯಲ್ಲಿ ಅಂಥ ಬಾಗಿಲುಗಳು ಸಾಲಾಗಿ ತೆರೆದುಕೊಳ್ಳುತ್ತವೆ.

ಹಳೆಯ ಮ್ಯೂಕೆ-ಮೆಲ್ಡರ್ ಕುರ್ಚಿಗಳನ್ನು ಈಗ ಹುಡುಕಿಕೊಂಡು ಹೋಗುವವರು ಸಂಗ್ರಾಹಕರು. ಗುರುತಿನ ಚೀಟಿ ಉಳಿದಿರುವುದು ಅಪರೂಪ. ಅದಕ್ಕೇ ಅವರು ಕುರ್ಚಿಯನ್ನು ತಲೆಕೆಳಗು ಮಾಡಿ, ತಿರುಪು ಎಲ್ಲಿ ಕೂತಿದೆ, ಕೊಳವೆಯ ತುದಿಯನ್ನು ಹೇಗೆ ಮುಚ್ಚಿದ್ದಾರೆ ಎಂದು ನೋಡುತ್ತಾರೆ. ಆಮೇಲೆ 1930ರ ದಶಕದ ಕ್ಯಾಟಲಾಗು ತೆರೆದು, ಪುಟದ ಚಿತ್ರದಲ್ಲಿರುವ ಬಾಗಿಗೂ ಕೈಯಲ್ಲಿರುವ ಬಾಗಿಗೂ ಹೋಲಿಕೆ ಹಿಡಿಯುತ್ತಾರೆ.